ಮಾರಿಯೋಗೆ ಹೊಸ ಬಣ್ಣ ಬಳಿಯುವ ಮೊದಲು ಅವನ ಜಿಗಿತ ಅಳೆಯಿರಿ

ದಾವಣಗೆರೆ ಕಾಲೇಜುಗಳಲ್ಲಿ ಫೈನಲ್ ಇಯರ್ ಪ್ರಾಜೆಕ್ಟಿನ ಗಡಿಬಿಡಿ ಶುರುವಾದರೆ ಸಾಕು, ಗೇಮ್ ಮಾಡುವ ನಮ್ಮಂಥವರಿಗೆ ಒಂದೇ ಥರದ ಮೆಸೇಜ್ ಬರುತ್ತವೆ. "ಅಣ್ಣಾ, ಹಳೇ ಮಾರಿಯೋನ ಹೊಸದಾಗಿ ಮಾಡೋಣ ಅಂತಿದ್ದೀವಿ. ಯೂನಿಟಿ ತಗೊಳ್ಳೋದಾ, ಗೊಡಾಟ್ ತಗೊಳ್ಳೋದಾ? ಪಿಕ್ಸೆಲ್ ಆರ್ಟ್ ಸಾಕಾ, ಇಲ್ಲ ಎಚ್‌ಡಿ ಮಾಡಬೇಕಾ?" ಮಾರಿಯೋ ಅಲ್ಲದಿದ್ದರೆ ಡೇಂಜರಸ್ ಡೇವ್, ಅದೂ ಅಲ್ಲದಿದ್ದರೆ ಪ್ರಿನ್ಸ್ ಆಫ್ ಪರ್ಶಿಯಾ. ಎಲ್ಲಾ ಇವರು ಹುಟ್ಟುವ ಮೊದಲಿನ ಆಟಗಳು. ಮಾವನೋ ಚಿಕ್ಕಪ್ಪನೋ ಹೇಳಿದ್ದು ಕೇಳಿ, ಮೊಬೈಲಿಗೆ ಎಮ್ಯುಲೇಟರ್ (ಹಳೇ ಯಂತ್ರದ ಆಟ ಓಡಿಸುವ ಆ್ಯಪ್) ಹಾಕಿಕೊಂಡು ಆಡಿ, ಹುಚ್ಚು ಹಿಡಿಸಿಕೊಂಡಿರುತ್ತಾರೆ.

ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಇವು ಎರಡನೇ ಮತ್ತು ಮೂರನೇ ಪ್ರಶ್ನೆಗಳು. ಮೊದಲು ಕೇಳಬೇಕಾದ್ದು, ಆ ಆಟದಲ್ಲಿ ಜಿಗಿದರೆ ಹೇಗಿರುತ್ತಿತ್ತು ಅನ್ನೋದು. ಅದು ಗೊತ್ತಾದ ಮೇಲೆ ಎಂಜಿನ್ (ಯೂನಿಟಿ, ಗೊಡಾಟ್‌ನಂಥ ಆಟ ಕಟ್ಟುವ ಸಾಫ್ಟ್‌ವೇರ್) ಯಾವುದು, ಚಿತ್ರ ಎಂಥದ್ದು (ಪಿಕ್ಸೆಲ್ ಅನ್ನೋ ಚೌಕ ಚುಕ್ಕಿ ಎದ್ದು ಕಾಣುವುದೋ, ನುಣ್ಣನೆಯ ಎಚ್‌ಡಿಯೋ) ಅನ್ನೋದು ಅರ್ಧ ತಾನಾಗೇ ತೀರ್ಮಾನ ಆಗಿರುತ್ತದೆ. ದೊಡ್ಡ ದೊಡ್ಡ ಕಂಪನಿಗಳೇ ಇದನ್ನು ಉಲ್ಟಾ ಮಾಡಿ ಪೆಟ್ಟು ತಿಂದಿವೆ.

1985ರ ಸೂಪರ್ ಮಾರಿಯೋ ಬ್ರದರ್ಸ್ ತಗೊಳ್ಳಿ. ಇಡೀ ಆಟ 40 ಕಿಲೋಬೈಟ್. ಇವತ್ತು ವಾಟ್ಸಾಪಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದು. ಜಾಗ ಇಲ್ಲದ್ದಕ್ಕೆ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಆದರೆ ಅಷ್ಟು ಇಕ್ಕಟ್ಟಿನಲ್ಲೂ ಜಿಗಿತದ ವಿಷಯದಲ್ಲಿ ಜಿಪುಣತನ ಮಾಡಲಿಲ್ಲ. ಒಂದು ಪಿಕ್ಸೆಲ್ಲನ್ನು ಹದಿನಾರು ಭಾಗ ಮಾಡಿ ವೇಗದ ಲೆಕ್ಕ ಇಟ್ಟಿದ್ದಾರೆ. ಪೂರ್ತಿ ಓಡುವಾಗ ಮಾರಿಯೋ ಒಂದು ಫ್ರೇಮಿಗೆ (ಪರದೆಯ ಚಿತ್ರ ಒಮ್ಮೆ ಬದಲಾಗುವಷ್ಟರಲ್ಲಿ) 2.5 ಪಿಕ್ಸೆಲ್ ಮುಂದೆ ಹೋಗುತ್ತಾನೆ, ನಡೆಯುವಾಗ 1.5. ಜಿಗಿಯುವ ಬಟನ್ ಒತ್ತಿಕೊಂಡೇ ಇದ್ದರೆ ಗುರುತ್ವ ಕಡಿಮೆ, ಬಿಟ್ಟ ತಕ್ಷಣ ಜಾಸ್ತಿ. ಹಾಗಾಗಿಯೇ ಸಣ್ಣಗೆ ತಟ್ಟಿದರೆ ಸಣ್ಣ ಜಿಗಿತ, ಒತ್ತಿ ಹಿಡಿದರೆ ದೊಡ್ಡದು. ಡೇವ್‌ನಲ್ಲಿ ಇದಿಲ್ಲ. ಎಷ್ಟು ಹೊತ್ತು ಒತ್ತಿದರೂ ಎತ್ತರ ಒಂದೇ. ಎರಡಕ್ಕೂ ಒಂದೇ ಜಂಪ್ ಸ್ಕ್ರಿಪ್ಟ್ ಯೂಟ್ಯೂಬಿನಿಂದ ಕಾಪಿ ಹೊಡೆದು ಹಾಕಿದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, ಹಳೇ ಆಟ ಆಡಿದವನು ಮೊದಲ ಹೊಂಡದಲ್ಲೇ ಬಿದ್ದು "ಇದು ಅದಲ್ಲ ಬಿಡು" ಅನ್ನುತ್ತಾನೆ. ಯಾಕೆ ಅಂತ ಅವನಿಗೂ ಹೇಳಲು ಬರುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಮಾರಿಯೋ ಆಡಿದವರಲ್ಲಿ ಮಾರಿಯೋ ಮಾಡಿದ ನಿಂಟೆಂಡೊ ಕಂಪನಿಯ ಅಸಲಿ ಯಂತ್ರ ನೋಡಿದವರು ಎಷ್ಟು ಜನ? ಎಲ್ಲಾ ಟಿವಿ ಗೇಮ್ ಡಬ್ಬಿಗಳು, ಹಳದಿ ಕ್ಯಾಸೆಟ್ಟು, ಮೇಲೆ 9999 ಇನ್ 1 ಅಂತ ಬರೆದಿರುತ್ತಿತ್ತು, ಒಳಗೆ ಹತ್ತಿಪ್ಪತ್ತು ಆಟ ಇದ್ದರೆ ಪುಣ್ಯ. ನಮ್ಮ ಟಿವಿಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 50 ಸಲ ಚಿತ್ರ ಬದಲಾಗುತ್ತಿತ್ತು. ಜಪಾನ್, ಅಮೆರಿಕದಲ್ಲಿ 60. ಮಾರಿಯೋ ಆಟ ಸೆಕೆಂಡ್ ಎಣಿಸುವುದಿಲ್ಲ, ಫ್ರೇಮ್ ಎಣಿಸುತ್ತದೆ. ಅದೇ ಜಪಾನಿನ ಆಟವನ್ನು ಪಾಲ್ ಟಿವಿಗೆಂದು ಮಾಡಿದ ಕ್ಲೋನ್ ಡಬ್ಬಿಯಲ್ಲಿ ಹಾಕಿದರೆ ಸೆಕೆಂಡಿಗೆ 150 ಪಿಕ್ಸೆಲ್ ಓಡಬೇಕಾದವನು 125 ಓಡುತ್ತಾನೆ. ಅಂದರೆ ಆರರಲ್ಲಿ ಐದು ಪಾಲು ವೇಗ. ನಮ್ಮೂರಿನ ಮಾವಂದಿರ ಕೈಬೆರಳು ನೆನಪಿಟ್ಟುಕೊಂಡಿರುವ ಮಾರಿಯೋ ಸ್ವಲ್ಪ ನಿಧಾನದ ಮಾರಿಯೋ. ಅವರಿಗೆ ಅಂತ ರೀಮೇಕ್ ಮಾಡುವುದಾದರೆ ಯಾವುದನ್ನು ಮೂಲ ಅಂತ ಹಿಡಿಯುತ್ತೀರಿ? ನನ್ನ ಕೇಳಿದರೆ 60ರದ್ದೇ ಹಿಡಿಯಿರಿ, ಯಾಕಂದರೆ ಹೊಂಡಗಳ ಅಗಲ, ಶತ್ರುಗಳ ಸಮಯ ಎಲ್ಲಾ ಆ ವೇಗಕ್ಕೆ ಜೋಡಿಸಿದ್ದು. ಸೆಟ್ಟಿಂಗ್ಸಲ್ಲಿ ಸುಮ್ನೆ ಒಂದು 50ರ ಆಯ್ಕೆ ಇಟ್ಟುಬಿಡಿ, ಮಾವ ಖುಷಿಯಾಗುತ್ತಾನೆ.

ಈಗ ಪೆಟ್ಟು ತಿಂದವರ ಕಥೆ. 1993ರಲ್ಲಿ ನಿಂಟೆಂಡೊನೇ ತನ್ನ ಹಳೇ ಮಾರಿಯೋ ಆಟಗಳನ್ನು ಸೂಪರ್ ನಿಂಟೆಂಡೊ ಅನ್ನೋ ಮುಂದಿನ ಯಂತ್ರಕ್ಕೆ ಹೊಸದಾಗಿ ಮಾಡಿತು, ಸೂಪರ್ ಮಾರಿಯೋ ಆಲ್-ಸ್ಟಾರ್ಸ್ ಅಂತ. ಚಿತ್ರಗಳು ಎಷ್ಟೋ ಚೆಂದ. ಆದರೆ ಮೂಲದಲ್ಲಿ ಜಿಗಿದು ಇಟ್ಟಿಗೆ ಒಡೆದರೆ ಮಾರಿಯೋ ತಕ್ಷಣ ಕೆಳಗೆ ಪುಟಿಯುತ್ತಿದ್ದ, ಇದರಲ್ಲಿ ಒಡೆದ ಮೇಲೂ ಮೇಲಕ್ಕೇ ಹೋಗುತ್ತಾನೆ. ಸಣ್ಣ ವಿಷಯ ಅಲ್ವಾ? ಮೂವತ್ತು ವರ್ಷ ಆದರೂ ಜನ ಇದನ್ನು ಹೇಳುವುದು ಬಿಟ್ಟಿಲ್ಲ.

ಸೋನಿಕ್ ಅನ್ನೋ ಸೆಗಾ ಕಂಪನಿಯ ಹಳೇ ಓಟದ ಆಟದ್ದು ಇನ್ನೂ ದೊಡ್ಡ ಪಾಠ. 2010ರಲ್ಲಿ ಸೆಗಾ ಸೋನಿಕ್ 4ರ ಮೊದಲ ಭಾಗ ತಂದಿತು. ಹಳೇ ಶೈಲಿಯ ಮುಂದುವರಿಕೆ ಅಂತ ಹೇಳಿಕೊಂಡು, ನುಣ್ಣನೆಯ ಹೊಸ ಗ್ರಾಫಿಕ್ಸ್ ಹಾಕಿ. ಗಾಳಿಯಲ್ಲಿದ್ದಾಗ ಬಟನ್ ಬಿಟ್ಟರೆ ಸೋನಿಕ್ ಅಲ್ಲೇ ವೇಗ ಕಳಕೊಂಡು ದೊಪ್ಪನೆ ಇಳಿಯುತ್ತಿದ್ದ, ಕಡಿದಾದ ಇಳಿಜಾರಿನಲ್ಲಿ ಜಾರುವ ಬದಲು ನಿಂತೇ ಬಿಡುತ್ತಿದ್ದ. ಉರುಳಿಕೊಂಡು ವೇಗ ಸಂಪಾದಿಸುವುದೇ ಜೀವಾಳ ಆಗಿರುವ ಆಟದಲ್ಲಿ! ಏಳು ವರ್ಷ ಆದ ಮೇಲೆ ಬಂದ ಸೋನಿಕ್ ಮೇನಿಯಾ ಮಾಡಿದವರು ಮೂಲತಃ ಅಭಿಮಾನಿಗಳು. ಕ್ರಿಶ್ಚಿಯನ್ ವೈಟ್‌ಹೆಡ್ ಅನ್ನುವವರು ಹಳೇ ಸೋನಿಕ್ ಚಲನೆಗೆ ಅಂತಲೇ ಬರೆದ ರೆಟ್ರೋ ಎಂಜಿನ್ ಅದರಲ್ಲಿದೆ. ಚಿತ್ರ ಪಿಕ್ಸೆಲ್ ಆರ್ಟೇ, 424×240 ಅಷ್ಟೆ. ಮೂಲದ ಎತ್ತರಕ್ಕಿಂತ ಹದಿನಾರೇ ಪಿಕ್ಸೆಲ್ ಜಾಸ್ತಿ, ಅಗಲ ಮಾತ್ರ ಇವತ್ತಿನ ಟಿವಿಗೆ ತಕ್ಕಂತೆ. ಜನ ಎತ್ತಿ ಮುದ್ದಾಡಿದರು. ಗ್ರಾಫಿಕ್ಸಿಗೆ ಜಾಸ್ತಿ ತಲೆ ಕೆಡಿಸಿಕೊಂಡ ಆಟ ಸೋತಿತು, ಚಲನೆಗೆ ತಲೆ ಕೆಡಿಸಿಕೊಂಡದ್ದು ಗೆದ್ದಿತು.

ಕ್ರ್ಯಾಶ್ ಬ್ಯಾಂಡಿಕೂಟ್ ಹಳೇ ಮೂರು ಆಟಗಳ ಹೊಸ ಸರಣಿ ಬಂದದ್ದೂ ಅದೇ 2017ರಲ್ಲಿ. ಚೆನ್ನಾಗಿಯೇ ಮಾರಾಟ ಆಯಿತು. ಆದರೆ ಮೂರೂ ಆಟಗಳಿಗೆ ಮೂರನೇ ಆಟದ ಹಿಡಿತವನ್ನೇ ಆಧಾರವಾಗಿ ಇಟ್ಟುಕೊಂಡರು. ಮೊದಲ ಆಟದ ಸೇತುವೆಗಳ ಮೇಲೆ ಅದೇ ಜಿಗಿತ ಸಾಲದೆ, ತುದಿಯಲ್ಲಿ ಕಾಲಿಟ್ಟರೆ ಕ್ರ್ಯಾಶ್ ಜಾರಿ ಬೀಳುತ್ತಾನೆ ಅನ್ನೋ ದೂರು ಎಲ್ಲಾ ಕಡೆ. ಜಿಗಿತ ಬೇರೆ ಆಗಿದೆ ಅಂತ ಕಂಪನಿಯೂ ಒಪ್ಪಿಕೊಂಡಿತು.

ಇದಕ್ಕೆ ತದ್ವಿರುದ್ಧ ಉದಾಹರಣೆ ವಂಡರ್ ಬಾಯ್, ಡ್ರ್ಯಾಗನ್ಸ್ ಟ್ರ್ಯಾಪ್. ನನ್ನ ಪ್ರಕಾರ ಹಳೇ ಪ್ಲಾಟ್‌ಫಾರ್ಮ್ ಆಟ ಮತ್ತೆ ಮಾಡಬೇಕು ಅನ್ನುವ ಪ್ರತಿಯೊಬ್ಬರೂ ಒಂದು ಸಲ ಆಡಲೇಬೇಕಾದದ್ದು ಇದು. ಮೂಲ 1989ರದ್ದು, ಸೆಗಾ ಮಾಸ್ಟರ್ ಸಿಸ್ಟಮ್ ಅನ್ನೋ ಗೇಮ್ ಯಂತ್ರಕ್ಕೆ. ಪ್ಯಾರಿಸ್ಸಿನ ಲಿಜಾರ್ಡ್‌ಕ್ಯೂಬ್ ಅನ್ನೋ ಪುಟ್ಟ ತಂಡ 2017ರಲ್ಲಿ ಮತ್ತೆ ಮಾಡಿತು. ಓಮರ್ ಕೊರ್ನು ಹಳೇ ಆಟದ ಕೋಡನ್ನು ಬಿಚ್ಚಿ, ಒಳಗಿನ ಲೆಕ್ಕ ಹಾಗೇ ಉಳಿಸಿಕೊಂಡರು. ಬೆನ್ ಫಿಕೆ ಅದರ ಮೇಲೆ ಕೈಯಲ್ಲೇ ಚಿತ್ರ ಬರೆದರು. ಒಂದು ಬಟನ್ ಒತ್ತಿದರೆ ಆಟ ನಡೆಯುತ್ತಿರುವಾಗಲೇ ಪರದೆ ಹಳೇ ಪಿಕ್ಸೆಲ್ಲಿಗೆ ತಿರುಗುತ್ತದೆ, ಮತ್ತೆ ಒತ್ತಿದರೆ ಹೊಸದು. ಹಾಡುಗಳನ್ನೂ ಬೇರೆಯಾಗಿ ಬದಲಾಯಿಸಬಹುದು. ಜಿಗಿದು ಗಾಳಿಯಲ್ಲಿರುವಾಗಲೇ ಬದಲಾಯಿಸಿ ನೋಡಿ, ಹುಡುಗ ಅದೇ ಜಾಗದಲ್ಲಿ ಇಳಿಯುತ್ತಾನೆ. ಚಿತ್ರ ಒಂದು ಪದರ, ಆಟದ ಲೆಕ್ಕ ಇನ್ನೊಂದು ಪದರ, ಎರಡೂ ಒಂದಕ್ಕೊಂದು ಅಂಟಿಕೊಂಡಿಲ್ಲ. ನಿಮ್ಮ ಪ್ರಾಜೆಕ್ಟು ಹೀಗೆ ಕಟ್ಟಿದರೆ ಆಮೇಲೆ ಯಾವ ಶೈಲಿ ಬೇಕಾದರೂ ಹಾಕಿಕೊಳ್ಳಬಹುದು.

ಹಾಗಾದರೆ ಎಂಜಿನ್ ಯಾವುದು?

ಯೂನಿಟಿ, ಗೊಡಾಟ್, ಗೇಮ್‌ಮೇಕರ್, ಯಾವುದಾದರೂ ನಡೆಯುತ್ತದೆ. ಹೀಗಂದರೆ ಹುಡುಗರಿಗೆ ಕೋಪ ಬರುತ್ತದೆ, ಆದರೆ ನಿಜ. ತೊಂದರೆ ಎಂಜಿನ್ನಿನಲ್ಲಿಲ್ಲ, ಅದರ ಜೊತೆ ಉಚಿತವಾಗಿ ಬರುವ ಫಿಸಿಕ್ಸ್‌ನಲ್ಲಿದೆ. ಯೂನಿಟಿಯಲ್ಲಿ ಹೀರೋಗೆ ರಿಜಿಡ್‌ಬಾಡಿ (ತೂಕದ ವಸ್ತುವಿನಂತೆ ನಡೆಸುವ ಸೌಲಭ್ಯ) ಹಾಕಿ, ಫೋರ್ಸ್ ಕೊಟ್ಟು ಜಿಗಿಸಿದರೆ ಅವನು ಕಲ್ಲಿನಂತೆ ಎಸೆಯಲ್ಪಡುತ್ತಾನೆ, ಜಿಗಿಯುವುದಿಲ್ಲ. ಒಳಗಿರುವ ಬಾಕ್ಸ್2ಡಿ ಅನ್ನೋ ಫಿಸಿಕ್ಸ್ ಕೋಡು ಡಬ್ಬಗಳು ಉರುಳುವುದನ್ನು ನಿಜದಂತೆ ತೋರಿಸಲು ಮಾಡಿದ್ದು. ಮಾರಿಯೋ ನಿಜದಂತೆ ಜಿಗಿಯುವುದೇ ಇಲ್ಲವಲ್ಲ, ಗಾಳಿಯಲ್ಲೇ ದಿಕ್ಕು ಬದಲಿಸುತ್ತಾನೆ! ಇನ್ನೊಂದು ಕಾಟ, ಚೌಕ ಚೌಕ ಟೈಲ್ ಜೋಡಿಸಿದ ನೆಲದ ಮೇಲೆ ಚೌಕದ ಹೀರೋ ಓಡುವಾಗ ಎರಡು ಟೈಲ್ ಸೇರುವ ಸಂದಿಗೆ ಕಾಲು ಸಿಕ್ಕಿ ತಟಕ್ಕನೆ ನಿಲ್ಲುತ್ತಾನೆ. ಕಣ್ಣಿಗೆ ಸಂದಿ ಕಾಣುವುದಿಲ್ಲ, ಫಿಸಿಕ್ಸಿಗೆ ಕಾಣುತ್ತದೆ. ಟೈಲ್‌ಗಳನ್ನೆಲ್ಲ ಸೇರಿಸಿ ಒಂದೇ ಕೊಲೈಡರ್ (ಡಿಕ್ಕಿ ಗುರುತಿಸುವ ಗಡಿ) ಮಾಡಿದರೆ ಸರಿಹೋಗುತ್ತದೆ. ಕೆಲವರು ಹೀರೋನನ್ನೇ ಮಾತ್ರೆ ಆಕಾರಕ್ಕೆ ಬದಲಿಸುತ್ತಾರೆ. ಆಗ ಸಂದಿಯ ಕಾಟ ಹೋಗಿ ತುದಿಯಿಂದ ಜಾರುವ ಕಾಟ ಶುರುವಾಗುತ್ತದೆ.

ಚಲನೆ ನೀವೇ ಬರೆಯಿರಿ. ಕಷ್ಟ ಏನಿಲ್ಲ, ಪಿಯುಸಿ ಫಿಸಿಕ್ಸ್ ಸಾಕು. ಎಷ್ಟು ಎತ್ತರ ಜಿಗಿಯಬೇಕು, ತುದಿ ಮುಟ್ಟಲು ಎಷ್ಟು ಸಮಯ ಬೇಕು, ಇವೆರಡನ್ನು ಮೊದಲು ತೀರ್ಮಾನಿಸಿ. ಎತ್ತರದ ಎರಡು ಪಟ್ಟನ್ನು ಸಮಯದಿಂದ ಭಾಗಿಸಿದರೆ ಶುರುವಿನ ವೇಗ, ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ. 64 ಪಿಕ್ಸೆಲ್ ಎತ್ತರ, 0.4 ಸೆಕೆಂಡ್ ಅಂತಿಟ್ಟುಕೊಳ್ಳಿ. ವೇಗ ಸೆಕೆಂಡಿಗೆ 320 ಪಿಕ್ಸೆಲ್, ಗುರುತ್ವ 800. ಗುರುತ್ವಕ್ಕೆ ಅಂದಾಜಿನಲ್ಲಿ ಒಂದು ಅಂಕಿ ಹಾಕಿ ನೋಡಿ, ಮತ್ತೆ ಹಾಕಿ ನೋಡಿ, ರಾತ್ರಿಯೆಲ್ಲ ಕೂರುವ ಕೆಲಸ ತಪ್ಪುತ್ತದೆ.

ಮೂಲ ಆಟದ ಎತ್ತರ, ಸಮಯ ತಿಳಿಯುವುದು ಹೇಗೆ ಅಂತೀರಾ? ಎಮ್ಯುಲೇಟರಿನಲ್ಲಿ ಒಂದೊಂದೇ ಫ್ರೇಮ್ ಮುಂದೆ ಹಾಕುವ ಸೌಲಭ್ಯ ಇರುತ್ತದೆ. ಅದೂ ಬೇಡ ಅಂದರೆ ಮೊಬೈಲಿನ ಸ್ಲೋ ಮೋಷನ್ ಸಾಕು. ವಿದ್ಯಾನಗರದ ಒಂದು ರೂಮಿನಲ್ಲಿ ಮೂವರು ಹುಡುಗರು ಮಾಡಿದ್ದು ಹಾಗೇ. ಒಂದು ಲ್ಯಾಪ್‌ಟಾಪಲ್ಲಿ ಹಳೇ ಡೇವ್, ಪಕ್ಕದ ಲ್ಯಾಪ್‌ಟಾಪಲ್ಲಿ ಇವರ ಡೇವ್. ಒಬ್ಬ ಎರಡೂ ಕೀಬೋರ್ಡಿನ ಅಪ್ ಕೀ ಒಟ್ಟಿಗೆ ಒತ್ತುತ್ತಾನೆ, ಇನ್ನೊಬ್ಬ ಫೋನ್ ಹಿಡಿದಿದ್ದಾನೆ. ವಿಡಿಯೋ ನಿಧಾನಕ್ಕೆ ಓಡಿಸಿದರೆ ಹಳೇ ಡೇವ್ ಕೀ ಒತ್ತಿದ ಕೂಡಲೇ ನೆಲ ಬಿಡುತ್ತಾನೆ. ಇವರ ಡೇವ್ ಮೊದಲು ಮಂಡಿ ಬಗ್ಗಿಸುತ್ತಾನೆ, ಆಮೇಲೆ ಏಳುತ್ತಾನೆ. ಚಿತ್ರ ಬರೆದ ಹುಡುಗ ಅನಿಮೇಷನ್ ಚೆಂದ ಕಾಣಲಿ ಅಂತ ಮಂಡಿ ಬಗ್ಗಿಸುವ ನಾಲ್ಕು ಫ್ರೇಮ್ ಸೇರಿಸಿದ್ದ, ಕೋಡ್ ಬರೆದವನು ಆ ಅನಿಮೇಷನ್ ಮುಗಿದ ಮೇಲೆ ಜಿಗಿಸುತ್ತಿದ್ದ. "ಆಡೋಕೆ ಯಾಕೋ ಭಾರ ಅನ್ಸುತ್ತೆ ಸರ್" ಅಂತಿದ್ದರಲ್ಲ, ಆ ಭಾರ ಕೂತಿದ್ದು ಅಲ್ಲಿ. ಮೊದಲು ಜಿಗಿಸಿ, ಮಂಡಿ ಆಮೇಲೆ ಬಗ್ಗಿಸಿದರೂ ಕಣ್ಣು ಕೇಳುವುದಿಲ್ಲ, ಬೆರಳು ಕೇಳುತ್ತದೆ.

ಆದರೆ ಪ್ರಿನ್ಸ್‌ನಲ್ಲಿ ಇದೇ ಮಾತು ತಿರುಗುಮುರುಗು. ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ ವಿಡಿಯೋ ತೆಗೆದು, ಅದನ್ನು ನೋಡಿ ಒಂದೊಂದು ಭಂಗಿ ಬಿಡಿಸಿ 1989ರಲ್ಲಿ ಆಪಲ್ 2ಗೆ ಮಾಡಿದ ಆಟ ಅದು. ಅಲ್ಲಿ ಅನಿಮೇಷನ್ನೇ ಚಲನೆ. ಓಡಲು ಶುರು ಮಾಡಿದರೆ ಇಂತಿಷ್ಟು ಹೆಜ್ಜೆ ಆಗಲೇಬೇಕು, ತುದಿಯಲ್ಲಿ ಜಿಗಿಯಬೇಕೆಂದರೆ ಮುಂಚೆಯೇ ಯೋಚಿಸಿರಬೇಕು. ಅದಕ್ಕೆ ಮಾರಿಯೋ ಥರ ಚುರುಕು ಜಿಗಿತ ಕೊಟ್ಟರೆ ಅರ್ಧ ಗಂಟೆಯಲ್ಲಿ ರಾಜಕುಮಾರಿ ಸಿಕ್ಕಿಬಿಡುತ್ತಾಳೆ, ಅರವತ್ತು ನಿಮಿಷದ ಗಡುವಿಗೆ ಬೆಲೆಯೇ ಇರುವುದಿಲ್ಲ. ಹಳೇ ಪಿಸಿಯ ಡಾಸ್ ಆವೃತ್ತಿಯಲ್ಲಿ ಸೆಕೆಂಡಿಗೆ ಸುಮಾರು 12 ಭಂಗಿ ಅಷ್ಟೇ. ಈಗ 60 ಮಾಡಬೇಕೆಂದರೆ ನಡುವಿನ ಭಂಗಿಗಳನ್ನು ಬಿಡಿಸಬಹುದು, ಆದರೆ ಹೆಜ್ಜೆಯ ಉದ್ದ, ಸಮಯ ಮುಟ್ಟಬಾರದು. ಇನ್ನೊಂದು, ಅಲ್ಲಿ ಒಂದು ಪರದೆ ಅಂದರೆ ಒಂದು ಕೋಣೆ, ಅಡ್ಡಕ್ಕೆ ಹತ್ತು ಚೌಕ, ಉದ್ದಕ್ಕೆ ಮೂರು. ತುದಿ ದಾಟಿದ ಮೇಲೇ ಕಾವಲುಗಾರ ಕಾಣುವುದು. ಇವತ್ತಿನ ಅಗಲ ಪರದೆಗೆ ಅಂತ ಜಾರುವ ಕ್ಯಾಮೆರಾ ಹಾಕಿದರೆ ಅವನು ಮೊದಲೇ ಕಾಣುತ್ತಾನೆ, ಎದೆ ಝಲ್ಲೆನ್ನುವುದು ಹೋಯಿತು. ಮೆಕ್ನರ್ ಮೂಲ ಕೋಡನ್ನು 2012ರಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಊಹೆ ಮಾಡುವ ಬದಲು ಓದಿ.

ಎಂಜಿನ್ ಬಗ್ಗೆ ಹಣದ ಮಾತೂ ಇದೆ. ಯೂನಿಟಿ 2023ರ ಸೆಪ್ಟೆಂಬರಿನಲ್ಲಿ ಆಟ ಇನ್‌ಸ್ಟಾಲ್ ಆದ ಲೆಕ್ಕಕ್ಕೆ ಶುಲ್ಕ ಹಾಕುತ್ತೇವೆ ಅಂತ ಘೋಷಿಸಿ, ಗಲಾಟೆಯಾಗಿ, ಮರುವರ್ಷ ಸೆಪ್ಟೆಂಬರಿನಲ್ಲಿ ಕೈಬಿಟ್ಟಿತು. ವಿದ್ಯಾರ್ಥಿಗಳಿಗೆ ಅದರಿಂದ ನಯಾಪೈಸೆ ಬೀಳುತ್ತಿರಲಿಲ್ಲ, ಆದರೆ ನಿಯಮವನ್ನು ನಡುವೆಯೇ ಬದಲಿಸಬಹುದು ಅನ್ನೋದು ಎಲ್ಲರಿಗೂ ಗೊತ್ತಾಯಿತು. ಗೊಡಾಟ್ ಎಂಐಟಿ ಲೈಸೆನ್ಸಿನದು, ಅಂದರೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಆ ತಲೆನೋವಿಲ್ಲ. ಹಳೇ ಲ್ಯಾಪ್‌ಟಾಪಲ್ಲೂ ಓಡುತ್ತದೆ, ನಾಲ್ಕು ಜಿಬಿ ರ‍್ಯಾಮ್ ಇಟ್ಟುಕೊಂಡು ಯೂನಿಟಿ ತೆರೆದು ಕಾಯ್ದವರಿಗೆ ಇದರ ಬೆಲೆ ಗೊತ್ತು. ಫಿಸಿಕ್ಸ್ ಸೆಕೆಂಡಿಗೆ 60 ಸಲ ನಡೆಯುವುದೇ ಅದರ ಮಾಮೂಲಿ ಸೆಟ್ಟಿಂಗ್. ಯೂನಿಟಿಯಲ್ಲಿ ಅದು 0.02 ಸೆಕೆಂಡ್, ಅಂದರೆ 50. ಬದಲಿಸದೆ ಬಿಟ್ಟರೆ 60ರ ಪರದೆಯಲ್ಲಿ ಹೀರೋ ಸಣ್ಣಗೆ ನಡುಗುತ್ತಾನೆ. ಎರಡು ನಿಮಿಷದ ಕೆಲಸ, ಆದರೆ ಎಷ್ಟೋ ಡೆಮೋಗಳಲ್ಲಿ ಯಾರೂ ಮಾಡಿರುವುದಿಲ್ಲ. ಕೆಲಸ ಹುಡುಕುವುದೇ ಗುರಿ ಆದರೆ ಯೂನಿಟಿ ಕಲಿಯಿರಿ, ಬೆಂಗಳೂರಿನಲ್ಲಿ ಕೇಳುವುದು ಅದನ್ನೇ ಜಾಸ್ತಿ. ಆಟ ಮುಗಿಸುವುದು ಗುರಿ ಆದರೆ ಗೊಡಾಟ್. ಸ್ವಂತ ಎಂಜಿನ್ ಬರೆಯುತ್ತೇವೆ ಅಂತ ಹೊರಡಬೇಡಿ. ರೇಮನ್ ಆಟಗಳಿಗೆ ಯೂಬಿಆರ್ಟ್ ಅನ್ನೋ ಸ್ವಂತ ಎಂಜಿನ್ ಕಟ್ಟಿದ್ದ ಯೂಬಿಸಾಫ್ಟಿನ ಮಾಂಪೆಲಿಯೆ ತಂಡವೇ 2024ರ ಪ್ರಿನ್ಸ್ ಆಫ್ ಪರ್ಶಿಯಾ, ಲಾಸ್ಟ್ ಕ್ರೌನ್ ಮಾಡುವಾಗ ಯೂನಿಟಿ ಹಿಡಿಯಿತು.

ಇನ್ನು ಚಿತ್ರ. ಪಿಕ್ಸೆಲ್ ಆರ್ಟ್ ಸುಲಭ, ಅಗ್ಗ ಅನ್ನೋದು ನಮ್ಮಲ್ಲಿ ಬೇರೂರಿರುವ ಭ್ರಮೆ. ಹಳೇ ಚಿತ್ರಗಳು ಡಬ್ಬಿ ಟಿವಿಗೆ ಅಂತ ಬರೆದವು. ಸೋನಿಕ್‌ನ ಜಲಪಾತ ನೋಡಿ, ಅಸಲಿ ಚಿತ್ರದಲ್ಲಿ ಬರೀ ಒಂದು ಬಿಟ್ಟು ಒಂದು ಉದ್ದ ಗೆರೆಗಳು. ಹಳೇ ಟಿವಿಯ ವಯರಿನಲ್ಲಿ ಬಣ್ಣ ಕಲೆಸಿಹೋಗಿ ನೀರಿನ ಹಿಂದಿನದೂ ಕಾಣುವಂತೆ ಆಗುತ್ತಿತ್ತು. ಎಲ್‌ಇಡಿ ಪರದೆಯಲ್ಲಿ ಅದು ಬೇಲಿ ಥರ ಕಾಣುತ್ತದೆ. ನಿಂಟೆಂಡೊದ 256 ಪಿಕ್ಸೆಲ್ ಅಗಲವನ್ನು ಟಿವಿ ಎಳೆದು ತೋರಿಸುತ್ತಿದ್ದರಿಂದ ಅಲ್ಲಿ ಪಿಕ್ಸೆಲ್ ಚೌಕವೇ ಆಗಿರಲಿಲ್ಲ, ಸ್ವಲ್ಪ ಅಗಲ. ಹಳೇದನ್ನು ಹಾಗೇ ಕಾಪಿ ಮಾಡಿದರೆ ಮಾರಿಯೋ ಒಣಕಲಾಗಿ ಕಾಣುತ್ತಾನೆ.

ಗಾತ್ರದ ಲೆಕ್ಕವನ್ನೂ ಮೊದಲ ದಿನವೇ ಹಾಕಿ. 240 ಎತ್ತರದ ಚಿತ್ರವನ್ನು 1080ರ ಪರದೆಗೆ ಹಿಗ್ಗಿಸಿದರೆ ನಾಲ್ಕೂವರೆ ಪಟ್ಟು. ಅರ್ಧ ಪಿಕ್ಸೆಲ್ ಅಂತ ಇಲ್ಲವಲ್ಲ, ಕೆಲವು ಸಾಲು ನಾಲ್ಕಾಗಿ ಕೆಲವು ಐದಾಗಿ ಮುಖ ಸೊಟ್ಟಗಾಗುತ್ತದೆ. 180 ಎತ್ತರ ಇಟ್ಟುಕೊಂಡರೆ ಸರಿಯಾಗಿ ಆರು ಪಟ್ಟು. ಸೆಲೆಸ್ಟ್ ಆಟ 320×180 ಇಟ್ಟುಕೊಂಡಿದೆ. ನಮ್ಮೂರಲ್ಲಿ ಆಡುವವರೆಲ್ಲ ಮೊಬೈಲಿನವರು, ಅವರ 2400×1080 ಪರದೆಗೆ 400×180 ಅಂದರೆ ಅಚ್ಚುಕಟ್ಟು. ಇನ್ನು ಪಿಕ್ಸೆಲ್ ಹೀರೋ ಪಕ್ಕ ನುಣುಪು ಅಕ್ಷರ, ಬೇರೆ ಗಾತ್ರದ ಪಿಕ್ಸೆಲ್ಲಿನ ನಾಣ್ಯ, ಇವು ಕಲಬೆರಕೆ. ಯಾರು ನೋಡಿದರೂ ಆತುರದ ಕೆಲಸ ಅಂತ ಗೊತ್ತಾಗುತ್ತದೆ.

ಕೈಯಲ್ಲಿ ಬರೆಯುವ ಆಸೆ ಇದ್ದರೆ ಕಪ್‌ಹೆಡ್ ನೋಡಿ ಮಾರುಹೋಗಬೇಡಿ. ಕಾಗದದ ಮೇಲೆ ಸೆಕೆಂಡಿಗೆ 24 ಚಿತ್ರದಂತೆ ಬಿಡಿಸಿದ ಆಟ ಅದು, ಮಾಡಿದ ಅಣ್ಣತಮ್ಮಂದಿರು ಮನೆ ಅಡಮಾನ ಇಟ್ಟಿದ್ದರು. ಆರು ತಿಂಗಳ ಪ್ರಾಜೆಕ್ಟಿಗೆ ಆಗುವ ಮಾತಲ್ಲ. ಡೆಡ್ ಸೆಲ್ಸ್ ತಂಡದ ಉಪಾಯ ಸಣ್ಣ ತಂಡಕ್ಕೆ ಹೇಳಿ ಮಾಡಿಸಿದ ಹಾಗಿದೆ. ಹೀರೋನ 3ಡಿಯಲ್ಲಿ ಮಾಡಿ, ಅನಿಮೇಟ್ ಮಾಡಿ, ಅದನ್ನು ಸಣ್ಣ ಗಾತ್ರದ ಪಿಕ್ಸೆಲ್ ಚಿತ್ರವಾಗಿ ತೆಗೆಯುವುದು. 3ಡಿ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಕತ್ತಿ ಬದಲಿಸಬೇಕು ಅಂದರೆ ಎಲ್ಲಾ ಭಂಗಿ ಮತ್ತೆ ಬರೆಯುವ ಗೋಳಿಲ್ಲ.

ಈ ವರ್ಷ ಒಂದು ತಂಡ ಹಳೇ ಪ್ರಿನ್ಸ್ ಥರದ ಆಟವನ್ನು ಚಿತ್ರದುರ್ಗದ ಕೋಟೆಗೆ ತರುತ್ತೇವೆ ಅಂತ ಹೊರಟಿದೆ. ಐಡಿಯಾ ನನಗೆ ಬಹಳ ಹಿಡಿಸಿತು. ಆ ಕೋಟೆಯ ದಾರಿಗಳೇ ಹಾಗಿವೆ, ಬಾಗಿಲು ದಾಟಿದ ಕೂಡಲೇ ಗೋಡೆ, ತಿರುಗಿದರೆ ಮತ್ತೊಂದು ಬಾಗಿಲು, ಮುಂದೇನಿದೆ ಅಂತ ಕಾಣುವುದೇ ಇಲ್ಲ. ಒಂದು ಪರದೆಗೆ ಒಂದು ಕೋಣೆ ಅನ್ನುವ ಹಳೇ ಪದ್ಧತಿ ಸಲೀಸಾಗಿ ಕೂರುತ್ತದೆ. ಕಿಂಡಿಯಲ್ಲಿ ತೆವಳುವುದು, ಬತೇರಿ ಮೇಲಿಂದ ನೇತಾಡುವುದು ಎಲ್ಲಾ ಇದೆ. ಬರಿಗೈಯಲ್ಲಿ ಕೋಟೆ ಗೋಡೆ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿದವರಿಗೆ ಗೋಡೆ ಹತ್ತುವ ಭಂಗಿ ಎಲ್ಲಿಂದ ಕಲಿಯಬೇಕು ಅಂತ ಹೇಳಿಕೊಡಬೇಕಾ?

ಆದರೆ ಅವರ ಮೊದಲ ಚಿತ್ರ ನೋಡಿದಾಗ ನಿಲ್ಲುವ ಕಲ್ಲು ಯಾವುದು, ಹಿಂದಿನ ಬಂಡೆ ಯಾವುದು ಗೊತ್ತೇ ಆಗಲಿಲ್ಲ. ಫೋಟೋ ತೆಗೆದು ಅದನ್ನೇ ಟೈಲ್ ಮಾಡಿದ್ದರು. ದುರ್ಗದ ಬಂಡೆಗಳು ಬೂದು, ಗೋಡೆಯೂ ಬೂದು, ಕಲ್ಲಿನ ಸಂದಿಯ ಹುಲ್ಲು ತುದಿಯಾಚೆ ಚಾಚಿಕೊಂಡಿದೆ. ಆಡುವವನು ಹುಲ್ಲನ್ನೇ ನೆಲ ಅಂದುಕೊಂಡು ಕಾಲಿಟ್ಟು ಬೀಳುತ್ತಾನೆ. ಹಳೇ ಆಟಗಳಲ್ಲಿ ಈ ತೊಂದರೆ ಇರಲಿಲ್ಲ, ಬಣ್ಣ ಕಡಿಮೆ ಇದ್ದದ್ದಕ್ಕೇ ನೆಲ ನೆಲದಂತೆ ಎದ್ದು ಕಾಣುತ್ತಿತ್ತು. ಎಚ್‌ಡಿ ರೀಮೇಕ್‌ಗಳು ಎಡವುವುದೇ ಇಲ್ಲಿ. ಅವರಿಗೆ ಹೇಳಿದ್ದು ಇಷ್ಟೆ: ಹಿಂದಿನ ಬಂಡೆಗಳಿಗೆ ಬೆಳಗಿನ ಮಂಜಿನ ತಿಳಿ ಬಣ್ಣ, ನಿಲ್ಲುವ ಕಲ್ಲಿಗೆ ಕಡು ಬಣ್ಣ, ಅದರ ಮೇಲಂಚಿಗೆ ಒಂದು ಪಿಕ್ಸೆಲ್ ಬಿಸಿಲಿನ ಗೆರೆ. ಹುಲ್ಲು ಬೇಕಿದ್ದರೆ ಅಂಚಿನ ಒಳಗೇ ಇರಲಿ. ಪರದೆಯನ್ನು ಕಪ್ಪುಬಿಳುಪು ಮಾಡಿ ನೋಡಿ, ಆಗಲೂ ದಾರಿ ಕಂಡರೆ ಪಾಸು.

ಕಷ್ಟದಿಂದ ಹುಟ್ಟುವ ಉಪಾಯವೂ ಇರುತ್ತದೆ. ಮೂಲ ಪ್ರಿನ್ಸ್‌ನಲ್ಲಿ ಇನ್ನೊಬ್ಬ ಶತ್ರುವಿನ ಚಿತ್ರಕ್ಕೆ ಮೆಮೊರಿ ಉಳಿದಿರಲಿಲ್ಲ. ಮೆಕ್ನರ್ ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಸರಿಸಿ, ಅದರದೇ ಮೇಲೆ ಎಕ್ಸ್‌ಓಆರ್ (XOR, ಎರಡು ಚಿತ್ರ ಬೇರೆಯಾಗಿರುವ ಕಡೆ ಮಾತ್ರ ಚುಕ್ಕಿ ಉಳಿಸುವ ಲೆಕ್ಕ) ಮಾಡಿದರು, ಮಿನುಗುವ ನೆರಳು ಮನುಷ್ಯ ಹುಟ್ಟಿದ. ಆ ಆಟದಲ್ಲಿ ಎಲ್ಲರಿಗೂ ನೆನಪಿರುವ ಪಾತ್ರ ಅವನೇ. ರೀಮೇಕ್ ಮಾಡುವಾಗ ಅವನಿಗೆ ಹೊಳೆಯುವ ಕವಚ, ಹೊಗೆ ಎಲ್ಲಾ ಹಾಕಲು ಕೈ ತುರಿಸುತ್ತದೆ. ಹಾಕಬೇಡಿ. ಅವನು ಹೀರೋನ ಅಚ್ಚೇ ಆಗಿರಬೇಕು, ಕಥೆ ನಿಂತಿರುವುದು ಅದರ ಮೇಲೆ.

ಮೊಬೈಲಿಗೆ ತರುವಾಗ ಮಾತ್ರ ಮೂಲಕ್ಕೆ ಒಂದು ಸಣ್ಣ ಮೋಸ ಮಾಡಬೇಕಾಗುತ್ತದೆ. ಗಾಜಿನ ಮೇಲೆ ಬಟನ್ ಬೆರಳಿಗೆ ಸಿಗುವುದಿಲ್ಲ, ಒತ್ತಿದ್ದು ತಡವಾಗಿ ತಿಳಿಯುತ್ತದೆ. ತುದಿ ದಾಟಿದ ಮೇಲೂ ಸೆಕೆಂಡಿನ ಹತ್ತರಲ್ಲೊಂದು ಭಾಗ ಜಿಗಿಯಲು ಬಿಡಿ, ನೆಲ ಮುಟ್ಟುವ ಸ್ವಲ್ಪ ಮೊದಲು ಒತ್ತಿದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಸೆಲೆಸ್ಟ್ ಮಾಡಿದವರು ಇದನ್ನೆಲ್ಲ ಬಿಚ್ಚಿಟ್ಟಿದ್ದಾರೆ, ಹೀರೋಯಿನ್ನಿನ ಕೋಡೂ ಓದಲು ಸಿಗುತ್ತದೆ. ಆಡುವವನಿಗೆ ಗೊತ್ತಾಗುವುದಿಲ್ಲ, ತಾನೇ ಚೆನ್ನಾಗಿ ಆಡಿದೆ ಅಂದುಕೊಳ್ಳುತ್ತಾನೆ. ಅಂದುಕೊಳ್ಳಲಿ.

ಕಾಲೇಜಿನಲ್ಲಿ ತೋರಿಸಿ ಮುಗಿಸುವುದಾದರೆ ಇಷ್ಟು ಸಾಕು. ಪ್ಲೇ ಸ್ಟೋರಿಗೆ ಹಾಕುವ ಆಸೆ ಇದ್ದರೆ ಹೆಸರು, ಪಾತ್ರ, ಹಾಡು, ಲೆವೆಲ್ ನಕ್ಷೆ ಎಲ್ಲಾ ಬದಲಿಸಿ. ಎಎಂ2ಆರ್ ಅನ್ನೋ, ನಿಂಟೆಂಡೊದ ಮೆಟ್ರಾಯ್ಡ್ 2ರ ರೀಮೇಕನ್ನು ಒಬ್ಬ ಅಭಿಮಾನಿ ವರ್ಷಗಟ್ಟಲೆ ಕೂತು ಗೇಮ್‌ಮೇಕರಿನಲ್ಲಿ ಮಾಡಿ, 2016ರ ಆಗಸ್ಟಿನಲ್ಲಿ ಉಚಿತವಾಗಿಯೇ ಬಿಟ್ಟ. ಕೆಲವೇ ದಿನದಲ್ಲಿ ನಿಂಟೆಂಡೊ ತೆಗೆಸಿತು. ದುಡ್ಡು ತಗೊಂಡಿಲ್ಲ ಅನ್ನೋ ವಾದ ಅಲ್ಲಿ ನಡೆಯಲಿಲ್ಲ. ಜಿಗಿತದ ಲೆಕ್ಕಕ್ಕೆ ಯಾರೂ ಕಾಪಿರೈಟ್ ಹಾಕಲಾರರು, ಮಾರಿಯೋ ಮೀಸೆಗೆ ಹಾಕಿದ್ದಾರೆ. ಹಾಗಾಗಿ ಲೆಕ್ಕ ತಗೊಳ್ಳಿ, ಮೀಸೆ ಬಿಡಿ. ಮತ್ತೆ ಗೂಗಲ್‌ನಿಂದ ಎತ್ತಿಕೊಂಡ ಸ್ಪ್ರೈಟ್‌ಗಳು (ಪಾತ್ರ, ವಸ್ತುಗಳ ಚಿತ್ರಗಳು), ಸದ್ದುಗಳು ಪ್ರಾಜೆಕ್ಟ್ ಫೋಲ್ಡರಿನಲ್ಲಿ ಎಲ್ಲಾದರೂ ಉಳಿದಿವೆಯಾ ಅಂತ ಅಪ್‌ಲೋಡ್ ಮಾಡುವ ಮೊದಲು ಒಮ್ಮೆ ಹುಡುಕಿ, ಟೆಸ್ಟಿಂಗ್‌ಗೆ ಅಂತ ಹಾಕಿದ ನಾಣ್ಯದ ಸದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.